ಕೊಚ್ ಎಂಬ ಊರು, ಕೋಚು ಎಂಬ ಮಾತು

ಕನ್ನಡ ಕಲಿಸುವ ಉಪಾಧ್ಯಾಯನಾಗಿ ನಾನು ಹುಬ್ಬಳ್ಳಿಗೆ ಬಂದ ಹೊಸತು. ಎಂಟನೆಯ ತರಗತಿಯ ಮಕ್ಕಳಿಗೆ ‘ನನ್ನ ತಂದೆಯ ಕೆಲಸ’ ಎಂಬ ವಿಷಯ ಕೊಟ್ಟು ಪ್ರಬಂಧ ಬರೆಯಿಸಿದ್ದೆ. ಒಬ್ಬ ಹುಡುಗನ ತಂದೆ ರೈಲ್ವೆ ಕಾರ್ಯಾಗಾರದಲ್ಲಿ ಬಡಗಿ. ‘ನಮ್ಮ ತಂದೆಯವರು ಕೋಚುಗಳನ್ನು ರಿಪೇರಿ ಮಾಡುತ್ತಾರೆ’ ಎಂದು ಆತ ಮೊದಲ ಸಾಲಿನಲ್ಲಿಯೇ ಬರೆದಿದ್ದ. ನಾನು ‘ಕೋಚುಗಳನ್ನು’ ಎಂಬ ಪದಕ್ಕೆ ಕೆಂಪು ಶಾಯಿಯ ಗೀಟು ಎಳೆದು, ಅಂಚಿನಲ್ಲಿ ‘ಅನ್ಯದೇಶ್ಯ, ಕನ್ನಡದಲ್ಲಿ ಬರೆ’ ಎಂದು ಬರೆದೆ. ಮರುದಿನ ಹುಡುಗ ಪುಸ್ತಕ ಹಿಡಿದು ಬಂದು, ‘ಹಂಗಾದ್ರ ಏನಂತ ಬರೀಲಿ ಸರ?’ ಎಂದು ಕೇಳಿದ. ‘ಬೋಗಿ ಎಂದು ಬರೆಯಪ್ಪ’ ಎಂದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನೆ ನಿಂತು, ‘ಬೋಗಿ ಬ್ಯಾರೆ, ಕೋಚು ಬ್ಯಾರೇರಿ ಸರ. ಬೋಗಿ ಅಂದ್ರ ಗಾಲಿ ಇರೂ ಕೆಳಗಿನ ಕಟ್ಟು. ನಮ್ಮಪ್ಪ ಮ್ಯಾಲಿನ ಕೋಚಿನ್ಯಾಗ ಕೆಲಸಾ ಮಾಡ್ತಾನ್ರಿ’ ಎಂದ. ಎದುರು ಮಾತನಾಡುತ್ತಾನೆ ಎಂದು ನಾನು ಗದರಿಸಿ ಕಳುಹಿಸಿದೆ.

ಅಂದು ನಾನು ಎರಡು ತಪ್ಪು ಮಾಡಿದ್ದೆ. ಬೋಗಿ ಎಂಬುದೂ ಇಂಗ್ಲಿಷಿನಿಂದಲೇ ಬಂದ ಮಾತು. ಒಂದು ಎರವಲನ್ನು ತೆಗೆದು ಅದರ ಜಾಗದಲ್ಲಿ ಇನ್ನೊಂದು ಎರವಲನ್ನು ಇಟ್ಟು, ಅದನ್ನೇ ಕನ್ನಡವೆಂದು ನಂಬಿದ್ದೆ. ಎರಡನೆಯದು ಇನ್ನೂ ದೊಡ್ಡ ತಪ್ಪು: ಹುಡುಗನ ಮಾತೇ ಸರಿಯಾಗಿತ್ತು. ರೈಲ್ವೆಯವರ ಲೆಕ್ಕದಲ್ಲಿ ಬೋಗಿ ಎಂದರೆ ಗಾಲಿ, ಅಚ್ಚುಗಳುಳ್ಳ ಕೆಳಕಟ್ಟು; ಅಂಥ ಎರಡು ಬೋಗಿಗಳ ಮೇಲೆ ಕುಳಿತಿರುವ ಒಡಲು ಕೋಚು. ಇದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ. ಆಗ ಆ ಶಬ್ದದ ಬೆನ್ನು ಹತ್ತಿದೆ. ಇಂಗ್ಲಿಷಿನವರಿಂದ ನಮಗೆ ಬಂದ ಆ ಶಬ್ದ ಇಂಗ್ಲಿಷಿನವರದೂ ಅಲ್ಲವೆಂದು, ಹಂಗೇರಿ ದೇಶದ ಒಂದು ಹಳ್ಳಿಯದೆಂದು ಗೊತ್ತಾಯಿತು. ಅದರ ಹುಟ್ಟನ್ನೂ ವ್ಯಾಕರಣವನ್ನೂ ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಹಂಗೇರಿಯ ವಾಯವ್ಯ ಭಾಗದಲ್ಲಿ, ಬುಡಾಪೆಸ್ಟ್ ನಗರಕ್ಕೆ ಪಶ್ಚಿಮದಲ್ಲಿ, ಕೊಚ್ ಎಂಬ ಚಿಕ್ಕ ಊರೊಂದು ಇದೆ. ಇದರಲ್ಲಿ ‘ಕೊ’ ಹ್ರಸ್ವ. ನಾಗರಿ ಲಿಪಿಯಲ್ಲಿ ಈ ಹ್ರಸ್ವ ಒಕಾರವನ್ನು ಬರೆಯಲು ತೊಡಕಾಗುತ್ತದೆ. ನಮ್ಮ ಲಿಪಿಯಲ್ಲಿ ಆ ತೊಡಕಿಲ್ಲ. ಬುದಾ ಪಟ್ಟಣದಿಂದ ವಿಯೆನ್ನಾಕ್ಕೆ ಹೋಗುವ ಹಳೆಯ ಹೆದ್ದಾರಿ ಈ ಪ್ರದೇಶವನ್ನು ಹಾದುಹೋಗುತ್ತಿತ್ತು. ಸರಕು, ಓಲೆ, ರಾಯಭಾರಿಗಳು, ವ್ಯಾಪಾರಿಗಳು ಎಲ್ಲವೂ ಎಲ್ಲರೂ ಸಾಗುತ್ತಿದ್ದುದು ಈ ದಾರಿಯಲ್ಲಿ. ಹೀಗಾಗಿ ಇಲ್ಲಿಯ ಜನಕ್ಕೆ ಗಾಡಿ ಕಟ್ಟುವುದು, ಗಾಡಿ ಹೊಡೆಯುವುದು ಕುಲಕಸುಬಾಯಿತು. 15ನೆಯ ಶತಮಾನದಲ್ಲಿ, ಮಾತ್ಯಾಶ್ ದೊರೆ ಹಂಗೇರಿಯನ್ನಾಳುತ್ತಿದ್ದ 1458ರಿಂದ 1490ರವರೆಗಿನ ಕಾಲದಲ್ಲಿ, ಈ ಊರಿನ ಗಾಡಿಗಳು ಹೆಸರುವಾಸಿಯಾದುವೆಂದು ಹೇಳುತ್ತಾರೆ. ಅವು ಹಗುರವಾದ ಗಾಡಿಗಳು, ಕುದುರೆ ಕಟ್ಟಿದರೆ ವೇಗವಾಗಿ ಓಡತಕ್ಕವು. ಗಾಡಿಯ ಒಡಲನ್ನು ಪಟ್ಟಿಗಳಿಂದ ತೂಗುಬಿಟ್ಟಿದ್ದರೆಂಬ ಮಾತೂ ಪ್ರಚಾರದಲ್ಲಿದೆ. ಆ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಮಸ್ಕೊವಿ ದೇಶವನ್ನು ಕುರಿತು 1549ರಲ್ಲಿ ಪ್ರಕಟವಾದ ಗ್ರಂಥದಿಂದ ಪ್ರಸಿದ್ಧನಾದ ಹೆರ್ಬರ್ಸ್ಟೈನ್ ಎಂಬ ರಾಯಭಾರಿ ಈ ದಾರಿಯಲ್ಲಿ ಓಡಾಡಿದವನು. ಕುದುರೆ ಬದಲಾಯಿಸುವ ಈ ಹಳ್ಳಿಯ ಹೆಸರೇ ಗಾಡಿಗೂ ಗಾಡಿ ಹೊಡೆಯುವವರಿಗೂ ಬಂದಿದೆಯೆಂದು ಅವನು ಬರೆದಿಟ್ಟಿದ್ದಾನೆ.

ಊರಿನ ಹೆಸರು ಗಾಡಿಯ ಹೆಸರಾದ ಬಗೆ ಹೇಗೆ? ಇಲ್ಲಿ ವ್ಯಾಕರಣ ಬರುತ್ತದೆ. ಹಂಗೇರಿಯ ಭಾಷೆಯಲ್ಲಿ ಸ್ಥಳನಾಮದ ಮುಂದೆ ‘ಇ’ ಎಂಬ ಪ್ರತ್ಯಯ ಹಚ್ಚಿದರೆ ‘ಆ ಊರಿನ’ ಎಂಬ ಅರ್ಥದ ವಿಶೇಷಣ ಹುಟ್ಟುತ್ತದೆ. ವಿಯೆನ್ನಾಕ್ಕೆ ಅವರು ಬೇಚ್ ಎನ್ನುತ್ತಾರೆ; ‘ಬೇಚಿ’ ಎಂದರೆ ವಿಯೆನ್ನಾದ. ಹಾಗೆಯೇ ಕೊಚ್ ಊರು, ‘ಕೊಚಿ’ ಎಂದರೆ ಕೊಚ್ಚಿನ. ಗಾಡಿಗೆ ಅವರ ಭಾಷೆಯಲ್ಲಿ ‘ಸೆಕೇರ್’ ಎಂಬ ಮಾತುಂಟು. ಆದುದರಿಂದ ‘ಕೊಚಿ ಸೆಕೇರ್’ ಎಂದರೆ ಕೊಚ್ ಊರಿನ ಗಾಡಿ. ಇಲ್ಲಿ ಇನ್ನೊಂದು ಸಣ್ಣ ಸ್ವಾರಸ್ಯವಿದೆ. ರೋಮನ್ ಲಿಪಿಯಲ್ಲಿ ಬರೆಯುವಾಗ ಊರ ಹೆಸರಿನ ಮೊದಲಕ್ಷರ ದೊಡ್ಡದಾಗಿರಬೇಕು. ‘ಇ’ ಪ್ರತ್ಯಯ ಹತ್ತಿದೊಡನೆ ಅದೇ ಅಕ್ಷರ ಚಿಕ್ಕದಾಗಬೇಕೆಂಬುದು ಈಗಿನ ಹಂಗೇರಿಯವರ ಬರವಣಿಗೆಯ ನಿಯಮ. ಊರು ಅಂಕಿತನಾಮದ ಪದವಿಯನ್ನು ಬಿಟ್ಟು ಜನಸಾಮಾನ್ಯರ ನಡುವೆ ಇಳಿಯುವುದು ಅಲ್ಲಿ ಕಣ್ಣಿಗೇ ಕಾಣುತ್ತದೆ.

ಕಾಲಕ್ರಮದಲ್ಲಿ ‘ಸೆಕೇರ್’ ಬಿದ್ದುಹೋಗಿ ‘ಕೊಚಿ’ ಮಾತ್ರ ಉಳಿಯಿತು. ಇದು ನಮಗೆ ಹೊಸತಲ್ಲ. ಅಂಗಡಿಗೆ ಹೋದ ಗೃಹಿಣಿ ‘ಅರ್ಧ ಕಿಲೋ ಬ್ಯಾಡಗಿ ಕೊಡ್ರಿ’ ಎಂದು ಕೇಳಿದರೆ ಅಂಗಡಿಯವನು ಹಾವೇರಿ ಜಿಲ್ಲೆಯ ಆ ಪಟ್ಟಣವನ್ನು ತೂಗಿಕೊಡಲು ಹೊರಡುವುದಿಲ್ಲ, ಮೆಣಸಿನಕಾಯಿ ಕಟ್ಟಿಕೊಡುತ್ತಾನೆ. ಹಬ್ಬದ ದಿನ ಇಳಕಲ್ ಉಟ್ಟವರನ್ನೂ ಮದುವೆಯಲ್ಲಿ ಬನಾರಸಿ ಉಟ್ಟವರನ್ನೂ ನಾವು ನೋಡಿದ್ದೇವೆ. ವಿಶೇಷಣ ವಿಶೇಷ್ಯವನ್ನು ನುಂಗಿ ತಾನೇ ನಾಮಪದವಾಗಿ ನಿಲ್ಲುವ ಬಗೆ ಇದು. ಹೀಗಾಯಿತೆಂದು ತಿಳಿಯುವುದು ಹೇಗೆಂದರೆ, ವಿಭಕ್ತಿಪ್ರತ್ಯಯವನ್ನು ನೋಡಬೇಕು. ‘ಬ್ಯಾಡಗಿ ಮೆಣಸಿನಕಾಯಿಯನ್ನು ಹುರಿ’ ಎಂಬಲ್ಲಿ ‘ಅನ್ನು’ ಪ್ರತ್ಯಯ ಮೆಣಸಿನಕಾಯಿಗೆ ಹತ್ತಿದೆ. ‘ಬ್ಯಾಡಗಿಯನ್ನು ಹುರಿ’ ಎಂದಾಗ ಪ್ರತ್ಯಯದ ಭಾರವನ್ನು ಬ್ಯಾಡಗಿಯೇ ಹೊತ್ತಿದೆ. ಹಂಗೇರಿಯ ಭಾಷೆಯಲ್ಲಿಯೂ ಇದೇ ಕ್ರಮ. ವಿಶೇಷ್ಯದ ಹಿಂದೆ ನಿಂತಾಗ ವಿಶೇಷಣ ಅವಿಕಾರಿ. ಬಹುವಚನವಾಗಲಿ ವಿಭಕ್ತಿಯಾಗಲಿ ವಿಶೇಷ್ಯಕ್ಕೇ ಸಲ್ಲುತ್ತದೆ. ಗಾಡಿ ಎಂಬ ಮಾತು ಬಿದ್ದುಹೋದ ಮೇಲೆ ಆ ಪ್ರತ್ಯಯಗಳೆಲ್ಲ ‘ಕೊಚಿ’ಗೆ ಹತ್ತತೊಡಗಿದವು.

ಆ ರೂಪಗಳನ್ನು ಕೇಳಿ. ‘ಕೊಚಿ’ ಎಂದರೆ ಗಾಡಿ, ‘ಕೊಚಿಕ್’ ಎಂದರೆ ಗಾಡಿಗಳು, ‘ಕೊಚಿತ್’ ಎಂದರೆ ಗಾಡಿಯನ್ನು, ‘ಕೊಚಿಬನ್’ ಎಂದರೆ ಗಾಡಿಯಲ್ಲಿ. ‘ನನ್ನ’ ಎಂಬ ಅರ್ಥವನ್ನು ಕೂಡ ಅವರು ಶಬ್ದದೊಳಗೇ ಸೇರಿಸುತ್ತಾರೆ. ‘ಕೊಚಿಂಬನ್’ ಎಂದರೆ ನನ್ನ ಗಾಡಿಯಲ್ಲಿ. ಪ್ರಕೃತಿಯ ಮುಂದೆ ಪ್ರತ್ಯಯ, ಪ್ರತ್ಯಯದ ಮುಂದೆ ಪ್ರತ್ಯಯ, ಹೀಗೆ ಮಣಿ ಪೋಣಿಸಿದಂತೆ ಸಾಗುವ ಈ ರಚನೆ ಕನ್ನಡ ವ್ಯಾಕರಣ ಓದಿದವರಿಗೆ ಪರಿಚಿತ. ಎರಡು ಗಾಡಿ ಎನ್ನಲು ಅವರು ‘ಕೇತ್ ಕೊಚಿ’ ಎನ್ನುತ್ತಾರೆ. ಸಂಖ್ಯಾವಾಚಕ ಹಿಂದೆ ಇದ್ದರೆ ಬಹುವಚನ ಪ್ರತ್ಯಯ ಹಚ್ಚುವುದಿಲ್ಲ. ನಾವೂ ‘ಎರಡು ಗಾಡಿ ಬಂತು’ ಎನ್ನುವುದುಂಟು. ಎರಡು ಎಂದ ಮೇಲೆ ಮತ್ತೆ ಬಹುವಚನವೇಕೆ ಎಂಬ ಮಿತವ್ಯಯ ಎರಡೂ ಕಡೆ ಇದೆ.

ಹಂಗೇರಿಯ ವಿಭಕ್ತಿಗಳಿಗೆ ಸ್ವರಗಳ ಹೊಂದಾಣಿಕೆ ಎಂಬ ನಿಯಮವೊಂದುಂಟು. ಗಾಡಿಯಲ್ಲಿ ಎನ್ನಲು ‘ಕೊಚಿಬನ್’. ತೋಟಕ್ಕೆ ‘ಕೆರ್ತ್’ ಎನ್ನುವ ಅವರು ತೋಟದಲ್ಲಿ ಎನ್ನಲು ‘ಕೆರ್ತ್‌ಬೆನ್’ ಎನ್ನುತ್ತಾರೆ. ಪ್ರಕೃತಿಯ ಸ್ವರ ಬಾಯಿಯ ಹಿಂಭಾಗದಲ್ಲಿ ಹುಟ್ಟಿದರೆ ‘ಬನ್’, ಮುಂಭಾಗದಲ್ಲಿ ಹುಟ್ಟಿದರೆ ‘ಬೆನ್’. ‘ಕೊಚಿ’ಯ ಒಕಾರ ಹಿಂಭಾಗದ್ದು, ಕೊನೆಯ ಇಕಾರ ಇಲ್ಲಿ ತಟಸ್ಥ. ಹೀಗೆ ಪ್ರತ್ಯಯ ಪ್ರಕೃತಿಯ ಮುಖ ನೋಡಿ ತನ್ನ ಸ್ವರವನ್ನು ಬದಲಿಸಿಕೊಳ್ಳುತ್ತದೆ.

ಇಷ್ಟು ಸಾಮ್ಯ ಕಂಡಾಗ ಎರಡು ಭಾಷೆಗಳಿಗೂ ನಂಟು ಬೆಸೆಯುವ ಆಸೆ ಹುಟ್ಟುತ್ತದೆ. ಆ ಆಸೆಯನ್ನು ತಡೆಯಬೇಕು. ಹಂಗೇರಿಯನ್ ಭಾಷೆ ಯುರಾಲಿಕ್ ವರ್ಗಕ್ಕೆ ಸೇರಿದ್ದು. ಫಿನ್ಲೆಂಡಿನ ಭಾಷೆ ಅದರ ದೂರದ ಬಂಧು. ಕನ್ನಡ ದ್ರಾವಿಡ ವರ್ಗದ್ದು. ಒಂದೇ ಬಗೆಯ ಮನೆ ಕಟ್ಟಿದವರೆಲ್ಲ ಅಣ್ಣತಮ್ಮಂದಿರಾಗಬೇಕಿಲ್ಲ. ‘ಬನಾರಸಿ’ಯ ಕೊನೆಯ ‘ಇ’ಗೂ ‘ಕೊಚಿ’ಯ ಕೊನೆಯ ‘ಇ’ಗೂ ಅರ್ಥ ಒಂದೇ, ಧ್ವನಿಯೂ ಹತ್ತಿರ, ಆದರೆ ವಂಶ ಬೇರೆ. ಕೇರಳದ ಕೊಚ್ಚಿಗಂತೂ ಈ ಕಥೆಯಲ್ಲಿ ಪಾತ್ರವೇ ಇಲ್ಲ. ಧ್ವನಿಸಾಮ್ಯವನ್ನು ನಂಬಿ ವ್ಯುತ್ಪತ್ತಿ ಹೇಳುವುದು, ಮುಖ ನೋಡಿ ಗೋತ್ರ ಹೇಳಿದಂತೆ.

ಗಾಡಿ ಹೋದಲ್ಲಿ ಅದರ ಹೆಸರೂ ಹೋಯಿತು. 16ನೆಯ ಶತಮಾನದಲ್ಲಿ ಅದು ಯುರೋಪಿನ ಭಾಷೆಗಳಲ್ಲೆಲ್ಲ ಹರಡಿತು. ಜರ್ಮನರು ‘ಕುಚ್ಚೆ’ ಎಂದರು, ಇಟಲಿಯವರು ‘ಕೊಕ್ಕಿಯೊ’ ಎಂದರು, ಫ್ರೆಂಚರು ‘ಕೊಶ್’ ಎಂದರು, ಸ್ಪೇನಿನವರು ‘ಕೋಚೆ’ ಎಂದರು, ಸೆರ್ಬಿಯದವರು ‘ಕೊಚಿಯ’ ಎಂದರು. ಹಂಗೇರಿಯ ಭಾಷೆಯಲ್ಲಿ ಲಿಂಗಭೇದವೇ ಇಲ್ಲ. ಅವನು, ಅವಳು ಎಂಬ ಎರಡಕ್ಕೂ ಒಂದೇ ಸರ್ವನಾಮ. ಆದರೆ ಹೋದ ಮನೆಯವರು ಲಿಂಗ ಕೇಳಿದರು. ಜರ್ಮನಿಯಲ್ಲಿ ಈ ಗಾಡಿ ಸ್ತ್ರೀಲಿಂಗವಾಯಿತು, ಫ್ರಾನ್ಸಿನಲ್ಲಿಯೂ ಇಟಲಿಯಲ್ಲಿಯೂ ಸ್ಪೇನಿನಲ್ಲಿಯೂ ಪುಲ್ಲಿಂಗವಾಯಿತು, ಸೆರ್ಬಿಯದಲ್ಲಿ ಮತ್ತೆ ಸ್ತ್ರೀಲಿಂಗವಾಯಿತು. ಗಾಡಿ ಒಂದೇ, ಅದು ಗಂಡೋ ಹೆಣ್ಣೋ ಎಂಬುದನ್ನು ಪ್ರತಿಯೊಂದು ಭಾಷೆ ತನ್ನ ವ್ಯಾಕರಣದಂತೆ ತೀರ್ಮಾನಿಸಿತು. ಎರವಲು ತಂದವನು ವಸ್ತುವನ್ನು ತರುತ್ತಾನೆ. ಅದನ್ನಿಡುವ ಗೂಡು ಮಾತ್ರ ಮನೆಯದೇ.

ಇಂಗ್ಲಿಷಿಗೆ ಈ ಶಬ್ದ ಫ್ರೆಂಚಿನ ಮೂಲಕ 1550ರ ದಶಕದ ಹೊತ್ತಿಗೆ ಬಂದಿತು. ಅಲ್ಲಿ ಕೊನೆಯ ಸ್ವರ ಉದುರಿಹೋಗಿ ‘ಕೋಚ್’ ಎಂದಾಯಿತು. ಇದರ ಫಲವಾಗಿ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ‘ಕೊಚಿ’ಯಲ್ಲಿದ್ದ ‘ಇ’ ಎಂದರೆ ‘ಊರಿನ’ ಎಂಬ ಪ್ರತ್ಯಯ ತಾನೆ? ಅದು ಬಿದ್ದುಹೋದ ಮೇಲೆ ಉಳಿದದ್ದು ಬರಿಯ ಊರಿನ ಹೆಸರು. ಇಂಗ್ಲಿಷರಿಗೆ ಆ ಊರು ಗೊತ್ತಿರಲಿಲ್ಲ, ಆ ಪ್ರತ್ಯಯವೂ ಗೊತ್ತಿರಲಿಲ್ಲ. ಆದರೂ ನಾಲಿಗೆಯ ಸೋಮಾರಿತನದಿಂದಲೇ ಅವರು ಶಬ್ದವನ್ನು ಅದರ ಹುಟ್ಟೂರಿಗೆ ಮರಳಿ ಮುಟ್ಟಿಸಿದರು. ಹ್ರಸ್ವ ದೀರ್ಘವಾಯಿತೆಂಬುದೊಂದೇ ವ್ಯತ್ಯಾಸ. ಬಸ್ಸು ಎಂಬ ಮಾತಿನ ಕಥೆ ಇದಕ್ಕೆ ತದ್ವಿರುದ್ಧ. ‘ಓಮ್ನಿಬುಸ್’ ಎಂದರೆ ಲ್ಯಾಟಿನ್ನಿನಲ್ಲಿ ‘ಎಲ್ಲರಿಗೆ’. ಅದರಲ್ಲಿ ‘ಎಲ್ಲ’ ಎಂಬ ಪ್ರಕೃತಿ ಹೋಗಿ, ಚತುರ್ಥೀ ವಿಭಕ್ತಿಯ ಬಹುವಚನ ಪ್ರತ್ಯಯದ ಬಾಲವಷ್ಟೇ ಬಸ್ಸಾಗಿ ಉಳಿಯಿತು. ಒಂದರಲ್ಲಿ ಪ್ರತ್ಯಯ ಹೋಗಿ ಪ್ರಕೃತಿ ಉಳಿಯಿತು, ಇನ್ನೊಂದರಲ್ಲಿ ಪ್ರಕೃತಿ ಹೋಗಿ ಪ್ರತ್ಯಯ ಉಳಿಯಿತು. ನಾವು ಎರಡರಲ್ಲಿಯೂ ಕುಳಿತು ಪ್ರಯಾಣ ಮಾಡುತ್ತೇವೆ.

ಇಂಗ್ಲೆಂಡಿನಲ್ಲಿ ಈ ಶಬ್ದಕ್ಕೆ ಇನ್ನೆರಡು ಅರ್ಥ ಕೂಡಿಕೊಂಡವು. 19ನೆಯ ಶತಮಾನದಲ್ಲಿ ರೈಲು ಬಂದಾಗ, ಪ್ರಯಾಣಿಕರ ಡಬ್ಬಿಗಳನ್ನು ಕಟ್ಟಿದವರು ಕುದುರೆಗಾಡಿಯ ಮಾದರಿಯನ್ನೇ ಹಿಡಿದರು. ಎರಡು ಮೂರು ಗಾಡಿಗಳ ಒಡಲನ್ನು ಒಂದೇ ಚೌಕಟ್ಟಿನ ಮೇಲೆ ಸಾಲಾಗಿ ಕೂರಿಸಿದಂತೆ ಅವು ಕಾಣುತ್ತಿದ್ದುವು. ಆದುದರಿಂದ ಅವುಗಳಿಗೂ ಕೋಚ್ ಎಂಬ ಹೆಸರೇ ನಿಂತಿತು. ಅದೇ ಶತಮಾನದ ಮೊದಲರ್ಧದಲ್ಲಿ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು, ಪರೀಕ್ಷೆಗೆ ಓದಿಸುವ ಮನೆಪಾಠದ ಗುರುವನ್ನು ತಮಾಷೆಗೆ ಕೋಚ್ ಎಂದು ಕರೆಯತೊಡಗಿದರು. ದಾರಿ ನಡೆಯಲಾರದವನನ್ನು ಗಾಡಿ ಹೊತ್ತು ಊರು ಮುಟ್ಟಿಸುವಂತೆ, ಓದಲಾರದವನನ್ನು ಈ ಗುರು ಹೊತ್ತು ಪರೀಕ್ಷೆ ದಾಟಿಸುತ್ತಾನೆ ಎಂದು ಅರ್ಥ. 1860ರ ದಶಕದಲ್ಲಿ ಆಟಗಾರರನ್ನು ತಯಾರು ಮಾಡುವವನಿಗೂ ಆ ಹೆಸರು ಹಬ್ಬಿತು. ಹುಡುಗರ ನಗೆಮಾತಾಗಿ ಹುಟ್ಟಿದ್ದು ಇಂದು ಲೋಕದ ಮೈದಾನಗಳಲ್ಲೆಲ್ಲ ಗೌರವದ ಪದವಿಯಾಗಿದೆ.

ಭಾರತಕ್ಕೆ ಬಂದ ಕೋಚ್ ಇಲ್ಲಿಯೂ ಸುಮ್ಮನೆ ಕೂರಲಿಲ್ಲ. ಹಿಂದಿಯಲ್ಲಿ ಗಾಡಿ ಹೊಡೆಯುವವನು ‘ಕೋಚವಾನ’. ಇಂಗ್ಲಿಷಿನ ‘ಕೋಚ್‌ಮನ್’ ಗಾಡೀವಾನನ ಸಾದೃಶ್ಯದಿಂದ ಹಾಗಾಯಿತು. ಹಂಗೇರಿಯ ಹಳ್ಳಿಗೆ ಪಾರಸಿಯ ಪ್ರತ್ಯಯ ಹತ್ತಿ ಉತ್ತರ ಭಾರತದ ಒಬ್ಬ ಕೆಲಸಗಾರನ ಹೆಸರಾಯಿತು. ಕನ್ನಡ ತನ್ನ ಕ್ರಮದಂತೆ ಕೊನೆಗೆ ಉಕಾರ ಸೇರಿಸಿ ‘ಕೋಚು’ ಎಂದಿತು. ವ್ಯಂಜನದಲ್ಲಿ ಮುಗಿಯುವ ಪರಭಾಷೆಯ ಶಬ್ದ ಕನ್ನಡದೊಳಗೆ ಬರುವಾಗ ಒಂದು ನಿಯಮವನ್ನು ಪಾಲಿಸುತ್ತದೆ. ಮೊದಲ ಸ್ವರ ಹ್ರಸ್ವವಾಗಿದ್ದರೆ ವ್ಯಂಜನ ಇಮ್ಮಡಿಯಾಗುತ್ತದೆ: ಬಸ್ಸು, ಪೆನ್ನು. ದೀರ್ಘವಾಗಿದ್ದರೆ ಇಮ್ಮಡಿಯಾಗುವುದಿಲ್ಲ: ಕಾರು, ಕೋಟು, ಕೋಚು. ಈ ನಿಯಮವನ್ನು ಯಾರೂ ಯಾರಿಗೂ ಕಲಿಸಿಲ್ಲ. ಶಾಲೆಗೆ ಹೋಗದವರೂ ತಪ್ಪುವುದಿಲ್ಲ. ನಾವು ಇಂಗ್ಲಿಷಿನ ಮೂಲಕ ಬಾರದೆ ನೇರವಾಗಿ ಹಂಗೇರಿಯಿಂದ ಹ್ರಸ್ವದ ‘ಕೊಚ್’ ತಂದಿದ್ದರೆ ಅದು ‘ಕೊಚ್ಚು’ ಆಗುತ್ತಿತ್ತು. ಕೊಚ್ಚಿನಲ್ಲಿ ಕುಳಿತು ಪ್ರಯಾಣ ಮಾಡಲು ಕನ್ನಡಿಗರು ಹೆದರುತ್ತಿದ್ದರೋ ಏನೋ!

ಲಿಂಗದ ವಿಷಯದಲ್ಲಿ ಕನ್ನಡ ಮಾಡಿದ ವ್ಯವಸ್ಥೆ ನನಗೆ ಬಹಳ ಮೆಚ್ಚುಗೆಯಾದದ್ದು. ನಮ್ಮಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ, ಶಬ್ದದ ಆಕಾರವನ್ನಲ್ಲ. ನಿಲ್ದಾಣದಲ್ಲಿ ನಿಂತವರು ‘ನಮ್ಮ ಕೋಚು ಮುಂದೆ ಹೋಯಿತು’ ಎನ್ನುತ್ತಾರೆ. ಅದೇ ನಿಲ್ದಾಣದಲ್ಲಿ ಪಂದ್ಯಕ್ಕೆ ಹೊರಟ ಹುಡುಗಿಯರು ‘ನಮ್ಮ ಕೋಚ್ ಬಂದರು’ ಎನ್ನುತ್ತಾರೆ. ಒಂದು ನಪುಂಸಕಲಿಂಗ ಏಕವಚನ. ಇನ್ನೊಂದು ಗೌರವದ ಬಹುವಚನ. ಬಂದವರು ಗಂಡಸಾಗಲಿ ಹೆಂಗಸಾಗಲಿ ಶಬ್ದ ಬದಲಾಗದು. ಗಾಡಿಗೆ ‘ಕೋಚಿಗೆ’ ಎಂದು ಚತುರ್ಥಿ, ‘ಕೋಚುಗಳು’ ಎಂದು ಬಹುವಚನ. ಮನುಷ್ಯರಿಗಾದರೆ ‘ಕೋಚ್ ಅವರಿಗೆ’ ಎಂದು ಹೇಳಿ ಮರ್ಯಾದೆ ಕಾಪಾಡುತ್ತೇವೆ. ಇಂಗ್ಲಿಷಿನಲ್ಲಿ ಒಂದೇ ಆಗಿದ್ದ ಶಬ್ದವನ್ನು ಕನ್ನಡ ಎರಡು ಮಾಡಿ, ಯಂತ್ರವನ್ನೂ ಗುರುವನ್ನೂ ಬೇರೆ ಬೇರೆ ಪಂಕ್ತಿಯಲ್ಲಿ ಕೂರಿಸಿದೆ.

ತವರಿನಲ್ಲಿ ಈ ಶಬ್ದ ಏನಾಗಿದೆ ಎಂದು ನೀವು ಕೇಳಬಹುದು. ಅಲ್ಲಿ ‘ಕೊಚಿ’ ಬದುಕಿದೆ. ಮಾತಿನ ಬಳಕೆಯಲ್ಲಿ ಈಗ ಅದು ಮೋಟಾರುಕಾರಿನ ಹೆಸರು, ರೈಲಿನ ಡಬ್ಬಿಗೂ ಸಲ್ಲುವ ಹೆಸರು. ಗಾಡಿ ಹೊಡೆಯುವವನು ‘ಕೊಚಿಶ್’. ಅದು ಅಲ್ಲಿ ಮನೆತನದ ಹೆಸರೂ ಹೌದು. 1954ರ ವಿಶ್ವಕಪ್ ಕಾಲ್ಚೆಂಡಿನಲ್ಲಿ 11 ಗೋಲು ಹೊಡೆದು ಎಲ್ಲರಿಗಿಂತ ಮುಂದಿದ್ದ ಶಾಂದೋರ್ ಕೊಚಿಶ್ ಎಂಬ ಆಟಗಾರನ ಹೆಸರಿನಲ್ಲಿ ಆ ಹಳೆಯ ಗಾಡಿಕಾರನಿದ್ದಾನೆ. ಆದರೆ ಅವನನ್ನು ತರಬೇತು ಮಾಡಿದವರಿಗೆ ಹಂಗೇರಿಯವರು ‘ಎದ್ಝೋ’ ಎನ್ನುತ್ತಾರೆ. ಉಕ್ಕನ್ನು ಹದಗೊಳಿಸುವುದಕ್ಕೂ ಮೈಯನ್ನು ಹದಗೊಳಿಸುವುದಕ್ಕೂ ಅವರಲ್ಲಿರುವ ಒಂದೇ ಧಾತುವಿನಿಂದ ಬಂದ ಮಾತು ಅದು. ಈಚಿನ ವರ್ಷಗಳಲ್ಲಿ ವ್ಯವಹಾರಸ್ಥರಿಗೆ ಸಲಹೆ ಹೇಳುವ ಕೋಚ್ ಎಂಬವರು ಅಲ್ಲಿಯೂ ಕಾಣಿಸಿಕೊಂಡಿದ್ದಾರೆ. ಆ ಶಬ್ದವನ್ನು ಹಂಗೇರಿಯವರು ಇಂಗ್ಲಿಷಿನಿಂದಲೇ ತಂದುಕೊಂಡರು, ಇಂಗ್ಲಿಷಿನ ಕಾಗುಣಿತದಲ್ಲಿಯೇ ಬರೆಯುತ್ತಾರೆ. ಹೀಗೆ ಮನೆ ಬಿಟ್ಟು ಹೋದ ಮಗ ಶತಮಾನಗಳ ಮೇಲೆ ಪರದೇಶಿಯ ವೇಷದಲ್ಲಿ ಮರಳಿ, ಮನೆಯಲ್ಲೇ ಇದ್ದ ಅಣ್ಣನ ಪಕ್ಕದಲ್ಲಿ ಕುಳಿತಿದ್ದಾನೆ.

ತತ್ಸಮ, ತದ್ಭವ, ದೇಶ್ಯ, ಅನ್ಯದೇಶ್ಯ ಎಂದು ನಾವು ಶಬ್ದಗಳನ್ನು ವಿಂಗಡಿಸುತ್ತೇವೆ. ಈ ವಿಂಗಡಣೆ ಬೇಕಾದದ್ದೇ. ಶಬ್ದ ಎಲ್ಲಿಂದ ಬಂತೆಂದು ತಿಳಿಯುವುದು ಒಂದು ವಿದ್ಯೆ. ನಾನು ತಪ್ಪಿದ್ದು, ಆ ವಿದ್ಯೆಯನ್ನು ತೀರ್ಪಾಗಿ ಬಳಸಿದ್ದರಲ್ಲಿ. 13ನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಅಪಭ್ರಂಶಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಸಂಸ್ಕೃತದ ಶಬ್ದಗಳು ಕನ್ನಡಕ್ಕೆ ಬಂದು ಯಾವ ಯಾವ ವಿಕಾರ ಹೊಂದುತ್ತವೆ ಎಂಬುದನ್ನು ಅಲ್ಲಿ ಸೂತ್ರಗಳಲ್ಲಿ ಹೇಳಿದ್ದಾನೆ. ಬಂದ ಶಬ್ದ ಇಲ್ಲಿ ಹೇಗೆ ಬಾಳುತ್ತದೆ ಎಂಬುದು ವ್ಯಾಕರಣದ ಪ್ರಶ್ನೆಯೆಂದು ಅವನು ಅರಿತಿದ್ದ. ಅದನ್ನು ಪಾಠ ಮಾಡುತ್ತಿದ್ದ ನಾನು ಅರಿತಿರಲಿಲ್ಲ.

ಆ ಹುಡುಗನ ವಾಕ್ಯವನ್ನು ಈಗ ಮತ್ತೆ ಓದಿಕೊಳ್ಳುತ್ತೇನೆ. ‘ಕೋಚುಗಳನ್ನು’. ಪ್ರಕೃತಿ ಹಂಗೇರಿಯ ಒಂದು ಊರು. ಅದರ ಮುಂದಿನ ಉಕಾರ ಕನ್ನಡದ್ದು, ‘ಗಳು’ ಕನ್ನಡದ್ದು, ‘ಅನ್ನು’ ಕನ್ನಡದ್ದು. ಒಂದು ಪದದಲ್ಲಿ ಒಂದು ಅಂಶ ಹೊರಗಿನದು, ಮೂರು ಅಂಶ ಮನೆಯದು. ನಾನು ಗೀಟು ಎಳೆದದ್ದು ಆ ಮೂರಕ್ಕೂ ಸೇರಿಸಿ. ಅದಕ್ಕಿಂತ ಹೆಚ್ಚಾಗಿ, ಆ ಶಬ್ದದಲ್ಲಿ ಒಬ್ಬ ಬಡಗಿಯ ದುಡಿಮೆ ಇತ್ತು. ಕೆಳಗಿನ ಕಟ್ಟಿಗೂ ಮೇಲಿನ ಒಡಲಿಗೂ ಇರುವ ಭೇದವನ್ನು ಬಲ್ಲ ಮನೆಯ ತಿಳಿವಳಿಕೆ ಇತ್ತು. ಕೊಚ್ ಊರಿನ ಗಾಡಿ ಕಟ್ಟಿದ ಬಡಗಿಗಳ ಹೆಸರು ಯಾರಿಗೂ ಗೊತ್ತಿಲ್ಲ. ಅವರ ಊರಿನ ಹೆಸರು ಮಾತ್ರ ಹೇಗೋ ಉಳಿದು, ಹುಬ್ಬಳ್ಳಿಯ ಇನ್ನೊಬ್ಬ ಬಡಗಿಯ ಮನೆ ಸೇರಿ, ಅವನ ಮಗನ ಪ್ರಬಂಧದ ಮೊದಲ ಸಾಲಿನಲ್ಲಿ ಬಂದು ಕುಳಿತಿತ್ತು. ಗಾಡಿ ಕಟ್ಟುವವರ ಮಾತು ಗಾಡಿ ಕಟ್ಟುವವರ ಕೈಗೇ ಬಂದು ಸೇರಿತ್ತು. ನಾನು ಅದನ್ನು ಪರಕೀಯವೆಂದೆ.

ಆ ಹುಡುಗ ಈಗ ಎಲ್ಲಿದ್ದಾನೆಂದು ತಿಳಿಯದು. ಈ ಮಾತು ಅವನ ಕಿವಿಗೆ ಬಿದ್ದರೆ ಒಂದು ವಿಷಯ ತಿಳಿಸಬೇಕು: ಅಪ್ಪಾ, ನಿನ್ನ ವಾಕ್ಯದಲ್ಲಿ ತಪ್ಪಿರಲಿಲ್ಲ. ಅದು ಶುದ್ಧವಾದ ಕನ್ನಡ ವಾಕ್ಯ.